ಮನೆಯೊಳಗೆ ತಪ್ಪಿಸಿಕೊಂಡ ಸಾಕುಹಾವನ್ನು ಹುಡುಕುವ ಬಗೆ

ಶಿವಮೊಗ್ಗ ಜಿಲ್ಲೆಯ ನಮ್ಮ ಹಳೆಯ ಮನೆಯಲ್ಲಿ ಹಾವು ಕಾಣಿಸಿಕೊಂಡರೆ ಅದನ್ನು ಹೊರಗೆ ಕಳುಹಿಸುವುದು ಹೇಗೆಂಬುದು ಮನೆಮಂದಿಯ ಚಿಂತೆಯಾಗಿರುತ್ತಿತ್ತು. ಅಮೆರಿಕದ ಮಿನೆಸೋಟದಲ್ಲಿರುವ ನಮ್ಮ ಈಗಿನ ಮನೆಯಲ್ಲಿ, ಎರಡು ವರ್ಷಗಳ ಹಿಂದಿನ ಜನವರಿಯಲ್ಲಿ, ಹಾವು ಕಾಣಿಸುತ್ತಿಲ್ಲವೆಂಬುದೇ ಚಿಂತೆಯಾಯಿತು. ಹನ್ನೆರಡು ವರ್ಷದ ಮಗಳು ಸಾಕಿದ್ದ ‘ಕೇಸರಿ’ ಎಂಬ ಕಾರ್ನ್ ಸ್ನೇಕ್, ಗಾಜಿನ ಪೆಟ್ಟಿಗೆಯ ಮುಚ್ಚಳವನ್ನು ಮೂತಿಯಿಂದ ಎತ್ತಿ ಹೊರಬಿದ್ದಿತ್ತು. ಹಿಂದಿನ ರಾತ್ರಿ ನೀರು ಬದಲಿಸಿದ ಮಗಳು ಮುಚ್ಚಳದ ಕೊಂಡಿ ಹಾಕಲು ಮರೆತಿದ್ದಳು. ಹೊರಗೆ ಮೊಣಕಾಲುದ್ದದ ಹಿಮ. ಎರಡು ದಿನಗಳ ಹಿಂದಷ್ಟೇ ಊರಿನಿಂದ ಬಂದಿದ್ದ ನನ್ನ ತಾಯಿ ಪಕ್ಕದ ಕೋಣೆಯಲ್ಲಿ ಮಲಗಿದ್ದರು.

ಹಾವು ಸಿಕ್ಕಿದ್ದು ನಾಲ್ಕನೆಯ ರಾತ್ರಿ. ಆ ನಾಲ್ಕು ದಿನಗಳಲ್ಲಿ ನಾನು ಮಾಡಿದ ತಪ್ಪುಗಳೂ ಕಲಿತ ಸಂಗತಿಗಳೂ ಇಂತಹ ಸಂದರ್ಭ ಎದುರಾಗುವ ಇತರ ಕನ್ನಡ ಮನೆಗಳಿಗೆ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಇಲ್ಲಿ ಹಾವು ಸಾಕುತ್ತಾರೆ. ಹಿರಿಯರು ಊರಿನಿಂದ ಬಂದು ಹೋಗುತ್ತಿರುತ್ತಾರೆ. ಈ ಎರಡೂ ಒಂದೇ ಸೂರಿನಡಿ ಸೇರುವುದು ನಮ್ಮಂಥವರ ಮನೆಗಳಲ್ಲಿಯೇ.

ಈ ಹಾವಿನ ಪರಿಚಯ

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ ಹಾವು. ಇದಕ್ಕೆ ವಿಷವಿಲ್ಲ. ಇಲಿಗಳನ್ನು ಮೈಯಿಂದ ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಚೆನ್ನಾಗಿ ಸಾಕಿದರೆ 15ರಿಂದ 20 ವರ್ಷ ಬದುಕುತ್ತದೆ. ಮೆಕ್ಕೆಜೋಳವನ್ನು ಕೂಡಿಡುವ ಕಣಜಗಳಿಗೆ ಇಲಿಗಳನ್ನರಸಿ ಬರುತ್ತಿದ್ದುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಮೇಲಿನ ಚೌಕಳಿ ಗುರುತುಗಳು ಬಣ್ಣಬಣ್ಣದ ಜೋಳದ ಕಾಳುಗಳನ್ನು ಹೋಲುವುದರಿಂದ ಬಂತೆಂದು ಮತ್ತೆ ಕೆಲವರು. ನಮ್ಮ ಕಡೆ ಅಡಿಕೆ ತೋಟಕ್ಕೂ ಭತ್ತದ ಕಣಜಕ್ಕೂ ಬರುವ ಕೇರೆಹಾವಿನ ಬದುಕಿಗೂ ಇದರ ಬದುಕಿಗೂ ಹೆಚ್ಚು ದೂರವಿಲ್ಲ. ಆದರೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೇರೆಹಾವನ್ನು ಹಿಡಿದು ಸಾಕುವಂತಿಲ್ಲ. ಹಾವನ್ನು ಸಾಕುವುದೆಂದರೆ ನನ್ನ ತಾಯಿಗೆ ವಿಚಿತ್ರವೆನಿಸಿದ್ದು ಸಹಜ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಇಲ್ಲಿ ಬರೆದಿರುವುದು ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಬಾಲ್ ಪೈಥಾನ್‌ಗಳಂತಹ ವಿಷವಿಲ್ಲದ, ಮಧ್ಯಮ ಗಾತ್ರದ ಹಾವುಗಳಿಗೆ ಮಾತ್ರ ಅನ್ವಯಿಸುತ್ತದೆ. ತಪ್ಪಿಸಿಕೊಂಡಿರುವುದು ವಿಷದ ಹಾವಾಗಿದ್ದರೆ ಅಥವಾ ಬಹಳ ದೊಡ್ಡ ಹೆಬ್ಬಾವಾಗಿದ್ದರೆ ಕೈಯಾರೆ ಹುಡುಕಬಾರದು. ಕೋಣೆಯನ್ನು ಮುಚ್ಚಿ, ಮನೆಮಂದಿಯನ್ನು ಹೊರಗೆ ಕಳುಹಿಸಿ, ಸ್ಥಳೀಯ ತುರ್ತು ಸೇವೆಯವರಿಗೆ ತಿಳಿಸಬೇಕು.

ಹಾವು ಎಲ್ಲಿಗೆ ಹೋಗುತ್ತದೆ

ತಪ್ಪಿಸಿಕೊಂಡ ಹಾವು ನಮ್ಮಿಂದ ಓಡಿಹೋಗುತ್ತಿರುವುದಿಲ್ಲ. ಸಂದು ಕಂಡಿತು, ತಲೆ ತೂರಿತು, ಹೊರಬಂದಿತು, ಅಷ್ಟೇ. ಹಸಿವು, ಪೆಟ್ಟಿಗೆಯೊಳಗಿನ ಶಾಖದ ಏರುಪೇರು, ಗಂಡುಹಾವಾದರೆ ವಸಂತದಲ್ಲಿ ಹೆಣ್ಣನ್ನು ಅರಸುವ ಪ್ರವೃತ್ತಿ, ಇವು ಅದರ ಓಡಾಟವನ್ನು ಹೆಚ್ಚಿಸುತ್ತವೆ. ಹೊರಬಂದ ಮೇಲೆ ಅದಕ್ಕೆ ಬೇಕಾದದ್ದು ಮೂರು: ಶಾಖ, ಕತ್ತಲೆ, ಮತ್ತು ಮೈಗೆ ಎಲ್ಲ ಕಡೆಯಿಂದಲೂ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಜಾಗ.

ಶಾಖದ ಮಾತು ಮುಖ್ಯವಾದುದು. ಹಾವು ನಮ್ಮಂತೆ ತನ್ನ ಮೈಶಾಖವನ್ನು ತಾನೇ ಉಂಟುಮಾಡಿಕೊಳ್ಳಲಾರದು, ಸುತ್ತಲಿನಿಂದ ಪಡೆಯಬೇಕು. ಕಾರ್ನ್ ಸ್ನೇಕ್‌ನ ಪೆಟ್ಟಿಗೆಯ ಬೆಚ್ಚನೆಯ ತುದಿಯನ್ನು ಸುಮಾರು 85 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಡುತ್ತಾರೆ. ಚಳಿಗಾಲದ ಮನೆ 68 ಡಿಗ್ರಿಯಲ್ಲಿದ್ದರೆ ಹಾವು ಸಾಯುವುದಿಲ್ಲ. ಆದರೆ ಮಂದವಾಗುತ್ತದೆ, ಎಲ್ಲಿಯಾದರೂ ಸುರುಳಿ ಸುತ್ತಿ ಬಿದ್ದುಕೊಳ್ಳುತ್ತದೆ. ಆರೋಗ್ಯವಾಗಿರುವ ಬೆಳೆದ ಹಾವು ವಾರಗಟ್ಟಲೆ ಆಹಾರವಿಲ್ಲದೆ ಇರಬಲ್ಲುದು. ಆದ್ದರಿಂದ ಎರಡನೆಯ ದಿನಕ್ಕೇ ಕೈಚೆಲ್ಲುವುದು ಅನಗತ್ಯ. ನಿಜವಾದ ಅಪಾಯವಿರುವುದು ಚಳಿಗಾಲದಲ್ಲಿ ಅದು ಹೊರಾಂಗಣಕ್ಕೆ ಜಾರಿದರೆ, ಮನೆಯ ಯಂತ್ರಗಳೊಳಗೆ ಸಿಕ್ಕಿಕೊಂಡರೆ, ಇಲ್ಲವೆ ಭಯಗೊಂಡ ಮನುಷ್ಯರ ಕಣ್ಣಿಗೆ ಬಿದ್ದರೆ.

ಮೊದಲ ಗಂಟೆ

ನಾನು ಮಾಡಿದ ಮೊದಲ ತಪ್ಪು ಅವಸರದ್ದು. ಇಡೀ ಮನೆಯ ದೀಪಗಳನ್ನೆಲ್ಲ ಹಾಕಿ, ಎಲ್ಲ ಕೋಣೆಗಳ ಬಾಗಿಲು ತೆರೆದು, ಅಡುಗೆಮನೆಯಿಂದ ನೆಲಮಾಳಿಗೆಯವರೆಗೆ ಓಡಾಡಿದೆ. ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಮೊದಲು ಪೆಟ್ಟಿಗೆಯನ್ನೇ ಪೂರ್ತಿ ಶೋಧಿಸಬೇಕು: ಹಾಸಿನ ಕೆಳಗೆ, ನೀರಿನ ಬಟ್ಟಲಿನಡಿ, ಮುಚ್ಚಳದ ಅಂಚಿನಲ್ಲಿ. ಕಳೆದುಹೋಯಿತೆಂದುಕೊಂಡ ಹಾವು ಅಲ್ಲಿಯೇ ಹುದುಗಿರುವುದುಂಟು. ಬಳಿಕ ಆ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಟವೆಲ್ ತುರುಕಬೇಕು. ಇಲ್ಲಿನ ಮನೆಗಳ ನೆಲದಲ್ಲಿ ಬಿಸಿಗಾಳಿ ಬರುವ ಕಿಂಡಿಗಳಿರುತ್ತವಲ್ಲ, ಅವುಗಳ ಮೇಲೆ ಸಣ್ಣ ಕಣ್ಣಿನ ಲೋಹದ ಜಾಲರಿಯನ್ನು ಭದ್ರಪಡಿಸಬೇಕು. ಹಾವಿನ ತಲೆ ತೂರುವ ಕಿಂಡಿಯಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ.

ಅನಂತರ ಪೆಟ್ಟಿಗೆಯಿಂದ ಹೊರಟು ಗೋಡೆಯ ಬುಡವನ್ನೇ ಹಿಡಿದು ಹುಡುಕುತ್ತ ಹೋಗಬೇಕು. ಹಾವು ಬಯಲಾದ ನೆಲದ ನಡುವೆ ಹೋಗುವುದಕ್ಕಿಂತ ಗೋಡೆಗೆ ಮೈತಾಗಿಸಿಕೊಂಡು ಹೋಗಲು ಇಷ್ಟಪಡುತ್ತದೆ. ಪುಸ್ತಕಗಳ ಹಿಂದೆ, ಬೂಟುಗಳೊಳಗೆ, ಮಡಿಸಿಟ್ಟ ಬಟ್ಟೆಗಳ ನಡುವೆ, ಹಾಸಿಗೆಯ ಚೌಕಟ್ಟಿನ ಸಂದಿಯಲ್ಲಿ, ಸೋಫಾದ ಅಡಿಯ ಬಟ್ಟೆಯೊಳಗೆ, ಫ್ರಿಜ್, ರೂಟರ್, ನೀರು ಕಾಯಿಸುವ ಹಂಡೆ ಇವುಗಳ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ನೋಡಬೇಕು. ಪೀಠೋಪಕರಣಗಳನ್ನು ಎಳೆಯಬಾರದು, ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ ನಿಧಾನವಾಗಿ ಎತ್ತಬೇಕು. ಸಿಗುವವರೆಗೆ ಬಟ್ಟೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಓವನ್, ಇವುಗಳನ್ನು ಒಳಗೆ ನೋಡದೆ ಚಾಲೂ ಮಾಡಕೂಡದು. ಒರಗುಕುರ್ಚಿಯನ್ನು ಮಡಿಸುವುದಂತೂ ಬೇಡವೇ ಬೇಡ.

ಮುಚ್ಚಿಟ್ಟ ಮಾತು

ಎರಡನೆಯ ತಪ್ಪು ಇನ್ನೂ ದೊಡ್ಡದು. ನಾನು ತಾಯಿಗೆ ವಿಷಯ ತಿಳಿಸಲಿಲ್ಲ. ಎಪ್ಪತ್ತೆರಡು ವರ್ಷದ ಅವರು ಹೆದರುತ್ತಾರೆ, ಮರುದಿನವೇ ಊರಿಗೆ ಹೊರಡುತ್ತೇನೆನ್ನುತ್ತಾರೆ ಎಂದು ಭಾವಿಸಿದೆ. ಆದರೆ ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವ ಹಿರಿಯರ ಕಾಲಿಗೆ ಮುನ್ಸೂಚನೆಯಿಲ್ಲದೆ ಹಾವು ಸಿಕ್ಕರೆ, ಕಡಿತಕ್ಕಿಂತ ಜಾರಿ ಬೀಳುವುದೇ ಪ್ರಾಣಾಪಾಯ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ತಿಳಿಸುವುದು ಹುಡುಕಾಟದ ಭಾಗವೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಅಳುತ್ತಿದ್ದ ಮೊಮ್ಮಗಳಿಂದ ಸಂಜೆಯ ಹೊತ್ತಿಗೆ ತಾಯಿ ಎಲ್ಲವನ್ನೂ ತಿಳಿದುಕೊಂಡರು. ನನ್ನನ್ನು ಕರೆದು, “ನನಗೇ ಹೇಳ್ಲಿಲ್ವಲ್ಲ ನೀನು” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಹುಳ ಎಲ್ಲಿಗೆ ಹೋಗ್ತದೆ? ಗೋಡೆ ಬುಡ ನೋಡು” ಎಂದರು. ರಾತ್ರಿ ಹೊತ್ತು ಹಾವೆಂಬ ಹೆಸರನ್ನೆತ್ತದೆ ಹುಳವೆನ್ನುವುದು ನಮ್ಮ ಕಡೆಯ ರೂಢಿ. ಆ ರಾತ್ರಿಯಿಂದ ಅವರು ತಮ್ಮ ಹಾಸಿಗೆಯನ್ನು ಮೊಮ್ಮಗಳ ಕೋಣೆಗೆ ಬದಲಾಯಿಸಿಕೊಂಡರು. ಹುಡುಗಿ ಒಬ್ಬಳೇ ನಿದ್ದೆಗೆಟ್ಟು ಕೂರುವುದು ಅವರಿಗೆ ಹಾವಿಗಿಂತ ಹೆಚ್ಚಿನ ಚಿಂತೆಯಾಗಿತ್ತು.

ಹಾವು ತಾನೇ ಹೊರಬರುವಂತೆ ಮಾಡುವುದು

ಹಗಲಿನ ಶೋಧದಲ್ಲಿ ಸಿಗದಿದ್ದರೆ ರಾತ್ರಿಯ ಉಪಾಯಗಳನ್ನು ಹೂಡಬೇಕು. ಕಾರ್ನ್ ಸ್ನೇಕ್ ಮುಸ್ಸಂಜೆ, ರಾತ್ರಿ ಮತ್ತು ಮುಂಜಾನೆಗಳಲ್ಲಿ ಹೆಚ್ಚು ಓಡಾಡುತ್ತದೆ. ನಾವು ಅನುಸರಿಸಿದ ಕ್ರಮಗಳು ಇವು.

ಮೊದಲನೆಯದು ಹಿಟ್ಟಿನ ಗೆರೆ. ಬಾಗಿಲುಗಳ ಬಳಿಯೂ ಗೋಡೆಯ ಬುಡದಲ್ಲಿಯೂ ಅಕ್ಕಿಹಿಟ್ಟಿನ ತೆಳುವಾದ ಪಟ್ಟಿಗಳನ್ನು ಎಳೆದರೆ, ಹಾವು ಹಾಯ್ದ ಗುರುತು ಬೆಳಿಗ್ಗೆ ಕಾಣುತ್ತದೆ. ಇದರಿಂದ ಹಾವು ಯಾವ ಕೋಣೆಯಲ್ಲಿದೆ, ಯಾವ ದಿಕ್ಕಿಗೆ ಹೋಗಿದೆ ಎಂಬುದು ತಿಳಿಯುತ್ತದೆ. ರಂಗೋಲಿಯ ಕೈ ಪಳಗಿದ್ದ ತಾಯಿ ಈ ಕೆಲಸವನ್ನು ತಾವೇ ವಹಿಸಿಕೊಂಡರು.

ಎರಡನೆಯದು ಸದ್ದು. ಅಂಗಡಿಯಿಂದ ಬರುವ ಸರಸರ ಎನ್ನುವ ತೆಳು ಪ್ಲಾಸ್ಟಿಕ್ ಚೀಲಗಳನ್ನು ಗೋಡೆಯುದ್ದಕ್ಕೂ ಹರಡಿಟ್ಟರೆ, ನಿಶ್ಶಬ್ದವಾದ ರಾತ್ರಿಯಲ್ಲಿ ಹಾವಿನ ನಡೆ ಕೇಳಿಸುತ್ತದೆ.

ಮೂರನೆಯದು ಆಸರೆ. ಕೋಣೆಯ ಶಾಖವನ್ನು ತುಸು ತಗ್ಗಿಸಿ, ಗೋಡೆಯ ಪಕ್ಕ ಒಂದು ಸಣ್ಣ ರಟ್ಟಿನ ಪೆಟ್ಟಿಗೆಗೆ ರಂಧ್ರ ಕೊರೆದು, ಶಾಖನಿಯಂತ್ರಕವಿರುವ ಹಾವಿನದೇ ಬಿಸಿಹಾಸನ್ನು ಅದರಡಿ ಇಟ್ಟು, ಪಕ್ಕದಲ್ಲಿ ನೀರಿನ ಬಟ್ಟಲು ಇಡಬೇಕು. ಹಾವಿನ ಹಳೆಯ ಪೆಟ್ಟಿಗೆಯನ್ನೂ ತೆರೆದು ನೆಲದ ಮೇಲಿಟ್ಟರೆ ಕೆಲವೊಮ್ಮೆ ಅದು ತಾನಾಗಿಯೇ ಮರಳುತ್ತದೆ. ಹಾಲು ಇಡುವುದರಿಂದ ಪ್ರಯೋಜನವಿಲ್ಲ. ಹಾಲು ಹಾವಿನ ಆಹಾರವಲ್ಲ. ಸತ್ತ ಇಲಿಯನ್ನು ಬಿಡಿಯಾಗಿ ಇಡುವುದೂ ಒಳ್ಳೆಯದಲ್ಲ. ಅದನ್ನು ನುಂಗಿ ಶಾಖವಿಲ್ಲದ ಮೂಲೆಗೆ ಸೇರಿದರೆ ಜೀರ್ಣಿಸಿಕೊಳ್ಳಲಾರದೆ ಕಕ್ಕುತ್ತದೆ, ಸೊರಗುತ್ತದೆ.

ಮಾಡಬಾರದ್ದು

ಮೂರನೆಯ ದಿನ ಹತಾಶೆಯಿಂದ ನಾನು ಅಂಗಡಿಗೆ ಹೋಗಿ ಇಲಿ ಹಿಡಿಯುವ ಅಂಟಿನ ಹಲಗೆಗಳನ್ನು ತಂದೆ. ಮಗಳು ಅದನ್ನು ನೋಡಿ ಬಾಗಿಲಿಗೆ ಅಡ್ಡ ನಿಂತಳು. ಅವಳೇ ಸರಿ. ಅಂಟಿಗೆ ಸಿಕ್ಕ ಹಾವು ಬಿಡಿಸಿಕೊಳ್ಳಲು ಹೊರಳಾಡುತ್ತ ಚರ್ಮವನ್ನೇ ಹರಿದುಕೊಳ್ಳುತ್ತದೆ. ಅಕಸ್ಮಾತ್ತಾಗಿ ಸಿಕ್ಕಿದ್ದರೆ ಎಳೆಯಬಾರದು. ಅಡುಗೆಯ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸವರುತ್ತ, ಮೂಗು ಬಾಯಿಗಳಿಗೆ ತಾಗದಂತೆ, ಅಂಟನ್ನು ಸಡಿಲಿಸಬೇಕು. ಬಳಿಕ ಪಶುವೈದ್ಯರಲ್ಲಿಗೆ ಒಯ್ಯಬೇಕು. ಇಲಿಪಾಷಾಣ, ಕೀಟನಾಶಕ, ಹೊಗೆ ಇವುಗಳನ್ನೂ ಬಳಸಬಾರದು.

ಅಪಾರ್ಟ್‌ಮೆಂಟಿನಲ್ಲಿರುವವರು ಸಂಕೋಚ ಬಿಟ್ಟು ನೆರೆಯವರಿಗೂ ಕಟ್ಟಡದ ಮೇಲ್ವಿಚಾರಕರಿಗೂ ಹಾವಿನ ಚಿತ್ರದೊಡನೆ ತಿಳಿಸುವುದು ಲೇಸು. ಕಾರ್ನ್ ಸ್ನೇಕ್‌ನ ಕೆಂಪು ಕಂದು ಮಚ್ಚೆಗಳನ್ನು ನೋಡಿ ಅದನ್ನು ಕಾಪರ್‌ಹೆಡ್ ಎಂಬ ವಿಷದ ಹಾವೆಂದು ಭ್ರಮಿಸಿ ಕೊಲ್ಲುವವರಿದ್ದಾರೆ. ಸಾಕಲು ಸಾಕಾಯಿತೆಂದು ಹೊರಗೆ ಬಿಡುವುದಂತೂ ಅಪರಾಧಕ್ಕೆ ಸಮ. ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ ಏಷ್ಯಾ ಮೂಲದ ಬರ್ಮೀಸ್ ಹೆಬ್ಬಾವುಗಳು ಸಾಕಿದವರ ಕೈತಪ್ಪಿ ಅಥವಾ ಅವರೇ ಬಿಟ್ಟು ಹೊರಸೇರಿ, ಅಲ್ಲಿನ ವನ್ಯಜೀವಿಗಳಿಗೆ ಕಂಟಕವಾಗಿವೆ. 2012ರಲ್ಲಿ ಅಮೆರಿಕದ ಸರ್ಕಾರ ಆ ಜಾತಿಯ ಆಮದನ್ನು ನಿಷೇಧಿಸಿತು. ಹವಾಯಿಯಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ. ತಾವಿರುವ ಕಡೆಯ ನಿಯಮವೇನೆಂದು ಸಾಕುವ ಮುನ್ನವೇ ವಿಚಾರಿಸಿಕೊಳ್ಳಬೇಕು.

ನಾಲ್ಕನೆಯ ರಾತ್ರಿ

ನಾಲ್ಕನೆಯ ರಾತ್ರಿ ಎರಡೂವರೆಗೆ ಮಗಳ ಕೋಣೆಯಿಂದ ತಾಯಿಯ ಧ್ವನಿ ಕೇಳಿಸಿತು. ಅದು ಕೂಗಾಗಿರಲಿಲ್ಲ. “ಪುಟ್ಟೀ, ಏಳು. ನಿನ್ನ ಹುಳ ಬಂತು.” ಪ್ರಯಾಣದಿಂದ ಹಗಲು ರಾತ್ರಿ ಅದಲುಬದಲಾಗಿ ಅವರಿಗಿನ್ನೂ ನಿದ್ದೆ ಹತ್ತುತ್ತಿರಲಿಲ್ಲ. ತೋಟದ ತರಗೆಲೆಗಳ ಮೇಲೆ ಹಾವು ಹರಿದ ಸದ್ದನ್ನು ಅರವತ್ತು ವರ್ಷ ಕೇಳಿದ ಕಿವಿ ಪ್ಲಾಸ್ಟಿಕ್ ಚೀಲದ ಮೇಲಿನ ಸದ್ದನ್ನೂ ಗುರುತಿಸಿತ್ತು. ನಾನು ಹೋಗುವಷ್ಟರಲ್ಲಿ ಮಗಳು ಕೇಸರಿಯ ಮೈಯ ನಡುಭಾಗಕ್ಕೆ ಎರಡೂ ಕೈ ಆನಿಸಿ ಮೇಲೆತ್ತಿದ್ದಳು. ತಾಯಿ ಮಂಚದ ಮೇಲೆ ಕಾಲು ಮಡಚಿ ಕುಳಿತು ಟಾರ್ಚ್ ಹಿಡಿದಿದ್ದರು. ಅವರ ಕೈ ನಡುಗುತ್ತಿತ್ತು. ಬೆಳಕು ಮಾತ್ರ ಹಾವಿನ ಮೇಲೆಯೇ ಇತ್ತು.

ಹಿಟ್ಟಿನ ಮೇಲಿನ ಗುರುತು ಬಟ್ಟೆಯ ಬೀರುವಿನಿಂದ ಬಂದಿತ್ತು. ಮೊದಲ ದಿನವೇ ಅದರ ಖಾನೆಗಳನ್ನೆಲ್ಲ ನಾನು ಎಳೆದು ನೋಡಿದ್ದೆ. ಕಟ್ಟಕಡೆಯ ಖಾನೆಯ ಅಡಿಯಲ್ಲಿ ನೆಲಕ್ಕೂ ಹಲಗೆಗೂ ನಡುವೆ ಇದ್ದ ಟೊಳ್ಳನ್ನು ನೋಡಿರಲಿಲ್ಲ. ಅದು ಹಾವಿನ ಪೆಟ್ಟಿಗೆಯಿಂದ ಆರಡಿ ದೂರ. ನಾನು ನೆಲಮಾಳಿಗೆಯನ್ನೂ ಗ್ಯಾರೇಜನ್ನೂ ಜಾಲಾಡುತ್ತಿದ್ದಷ್ಟು ಹೊತ್ತೂ ಅದು ಅಲ್ಲಿಯೇ ಇದ್ದಿರಬೇಕು.

ಸಿಕ್ಕ ಹಾವಿಗೆ ಗಾಯ, ಊತ, ಸುಟ್ಟ ಗುರುತುಗಳಿವೆಯೇ ಎಂದು ನೋಡಬೇಕು. ತಣ್ಣಗಾಗಿದ್ದರೆ ಬಿಸಿನೀರಿನಲ್ಲಾಗಲಿ ಹೀಟರಿನ ಮುಂದಾಗಲಿ ಇಡದೆ, ಅದರ ಪೆಟ್ಟಿಗೆಯಲ್ಲಿಯೇ ನಿಧಾನವಾಗಿ ಬೆಚ್ಚಗಾಗಲು ಬಿಡಬೇಕು. ಕುಡಿಯಲು ನೀರು ಕೊಟ್ಟು, ಕೆಲವು ದಿನ ಕೈಯಿಂದ ಮುಟ್ಟದೆ, ಆಮೇಲೆ ಆಹಾರ ಕೊಡಬೇಕು. ಮಂಕಾಗಿದ್ದರೆ ಅಥವಾ ಬಾಯಿ ತೆರೆದು ಉಸಿರಾಡುತ್ತಿದ್ದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು.

ಈಗ ನಮ್ಮ ಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಕೊಂಡಿಗಳಿವೆ. ಮಲಗುವ ಮುನ್ನ ಮಗಳು ಒಮ್ಮೆ ನೋಡುತ್ತಾಳೆ, ಅನಂತರ ನಾನೊಮ್ಮೆ ನೋಡುತ್ತೇನೆ. ತಾಯಿ ಊರಿನಿಂದ ಭಾನುವಾರ ಫೋನ್ ಮಾಡಿದಾಗ ಎಲ್ಲರ ಆರೋಗ್ಯ ವಿಚಾರಿಸಿದ ಮೇಲೆ, ಕೊನೆಯಲ್ಲಿ, “ಕೊಂಡಿ ಹಾಕಿದ್ದೀರಾ?” ಎಂದು ಕೇಳುತ್ತಾರೆ.