ಮನೆ ನಮ್ಮದು, ನೆಲ ಪರರದು



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮನುಷ್ಯನ ಬಾಳಿನಲ್ಲಿ ಇವೆರಡಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು ನಮ್ಮ ಹಿರಿಯರು ತಿಳಿದಿದ್ದರು. ಆದರೆ ಅಮೆರಿಕದ ಎಷ್ಟೋ ಕುಟುಂಬಗಳ ಪಾಲಿಗೆ ಮೂರನೆಯ ಕಷ್ಟವೊಂದಿದೆ. ಅದು, ಇದ್ದ ಮನೆಯನ್ನೇ ಹೊತ್ತುಕೊಂಡು ಬೇರೆಡೆಗೆ ಹೋಗುವ ಕಷ್ಟ.

ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ಅವರು ಕಳುಹಿಸುವ ಫೋಟೋಗಳಲ್ಲಿ ನಾವು ಕಾಣುವುದು ಎತ್ತರದ ಕಟ್ಟಡಗಳನ್ನು, ಅಗಲವಾದ ರಸ್ತೆಗಳನ್ನು. ಅದೇ ರಸ್ತೆಗಳ ಬದಿಯಲ್ಲಿ ಸಾಲಾಗಿ ನಿಂತಿರುವ ತಗಡು ಗೋಡೆಯ ಉದ್ದನೆಯ ಮನೆಗಳು ಆ ಫೋಟೋಗಳಲ್ಲಿ ಬರುವುದಿಲ್ಲ. ಇವೇ 'ಮೊಬೈಲ್ ಹೋಮ್'ಗಳು. ಇವುಗಳಲ್ಲಿ ಸುಮಾರು 2 ಕೋಟಿ ಜನ ವಾಸಿಸುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಇವರಲ್ಲಿ ನಿವೃತ್ತರಾದ ವೃದ್ಧರು, ದಿನಗೂಲಿಯವರು, ಬೇರೆ ದೇಶಗಳಿಂದ ದುಡಿಯಲು ಬಂದವರು ಹೆಚ್ಚು. ಇವರು ನಿಂತ ನೆಲ ಮಾರಾಟವಾದಾಗ ಇವರ ಗತಿ ಏನು? ಇವರಿಗೆ ಸಿಗುವ ಸ್ಥಳಾಂತರ ನೆರವು ಎಂದರೇನು? ಅದು ಸಾಕಾಗುತ್ತದೆಯೇ? ಈ ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹೆಸರಿಗೆ ಮಾತ್ರ 'ಮೊಬೈಲ್'

ಈ ಮನೆಗಳನ್ನು ಕಾರ್ಖಾನೆಯಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಕಟ್ಟುತ್ತಾರೆ. ಚೌಕಟ್ಟಿಗೆ ಗಾಲಿಗಳಿರುತ್ತವೆ. ಲಾರಿಯೊಂದು ಅದನ್ನು ಎಳೆದು ತಂದು 'ಪಾರ್ಕ್' ಎಂದು ಕರೆಯುವ ಜಾಗದಲ್ಲಿ ನಿಲ್ಲಿಸುತ್ತದೆ. ಬಳಿಕ ಗಾಲಿ ಕಳಚಿ, ಮನೆಯನ್ನು ಆಧಾರಗಳ ಮೇಲೆ ಕೂರಿಸಿ, ಗಾಳಿಗೆ ಹಾರದಂತೆ ನೆಲಕ್ಕೆ ಬಿಗಿದು, ನೀರು, ಚರಂಡಿ, ವಿದ್ಯುತ್ ಸಂಪರ್ಕ ಕೊಡುತ್ತಾರೆ. ಮನೆಯವರು ಮುಂದೆ ಜಗಲಿ ಕಟ್ಟಿಕೊಳ್ಳುತ್ತಾರೆ, ಹೂಗಿಡ ನೆಡುತ್ತಾರೆ. ಹೀಗೆ ಒಮ್ಮೆ ನೆಲೆಗೊಂಡ ಮೇಲೆ ಹೆಚ್ಚಿನ ಮನೆಗಳು ಮತ್ತೆಂದೂ ಕದಲುವುದಿಲ್ಲ.

ಇಲ್ಲಿ ಮನೆ ಕುಟುಂಬದ ಸ್ವಂತದ್ದು. ಆದರೆ ಅದು ನಿಂತ ನೆಲ ಪಾರ್ಕಿನ ಮಾಲೀಕರದ್ದು. ಅದಕ್ಕೆ ಪ್ರತಿ ತಿಂಗಳೂ ನೆಲಬಾಡಿಗೆ ಕಟ್ಟಬೇಕು. ಕರಾವಳಿಯ ನಮ್ಮ ಜನರಿಗೆ ಮೂಲಗೇಣಿಯ ವ್ಯವಹಾರ ಗೊತ್ತಿದೆ. ಧಣಿಯ ಜಾಗದಲ್ಲಿ ಗೇಣಿದಾರ ತನ್ನ ಖರ್ಚಿನಲ್ಲಿ ಮನೆ ಕಟ್ಟಿ ತಲೆಮಾರುಗಳ ಕಾಲ ಬಾಳಿದ್ದುಂಟು. ಆದರೆ ಮೂಲಗೇಣಿ ಶಾಶ್ವತ ಗೇಣಿ. ಅಮೆರಿಕದ ಪಾರ್ಕಿನ ಕರಾರು ಬಹುಪಾಲು ತಿಂಗಳ ಅಥವಾ ವರ್ಷದ ಕರಾರು. ಅಲ್ಲದೆ ಅನೇಕ ರಾಜ್ಯಗಳಲ್ಲಿ ಈ ಮನೆಯ ದಾಖಲೆ ಸ್ಥಿರಾಸ್ತಿಯದ್ದಲ್ಲ, ವಾಹನದಂಥ ಚರ ಆಸ್ತಿಯದ್ದು. ಆದ್ದರಿಂದ ಸಾಲಕ್ಕೆ ಬಡ್ಡಿಯೂ ಹೆಚ್ಚು.

ಪಾರ್ಕುಗಳು ಏಕೆ ಮುಚ್ಚುತ್ತವೆ?

ಇಂಥ ಪಾರ್ಕುಗಳಲ್ಲಿ ಬಹಳಷ್ಟು 1950 ಮತ್ತು 60ರ ದಶಕಗಳಲ್ಲಿ ಊರ ಹೊರಗಿನ ಅಗ್ಗದ ಜಾಗಗಳಲ್ಲಿ ಹುಟ್ಟಿಕೊಂಡವು. ಕಾಲಕ್ರಮೇಣ ನಗರ ಬೆಳೆಯಿತು. ಊರ ಹೊರಗಿದ್ದ ಜಾಗ ಊರ ಮಧ್ಯಕ್ಕೆ ಬಂದಿತು. ಅಲ್ಲಿ ಬಹುಮಹಡಿ ಕಟ್ಟಡ ಕಟ್ಟಿದರೆ ನೆಲಬಾಡಿಗೆಗಿಂತ ಎಷ್ಟೋ ಪಾಲು ಹೆಚ್ಚು ಆದಾಯ. ಮಾಲೀಕರ ಕಡೆಗೂ ಒಂದು ಮಾತು ಹೇಳಬೇಕು. ಕೆಲವರು ವೃದ್ಧರಾಗಿರುತ್ತಾರೆ, ಹಳೆಯ ಚರಂಡಿ, ನೀರಿನ ಕೊಳವೆಗಳನ್ನು ಹೊಸದಾಗಿ ಹಾಕಿಸುವ ಶಕ್ತಿ ಅವರಿಗಿರುವುದಿಲ್ಲ. ತಮ್ಮ ಜಾಗವನ್ನು ಮಾರುವ ಹಕ್ಕು ಅವರಿಗೆ ಕಾನೂನಿನಲ್ಲಿದೆ. ಪ್ರಶ್ನೆ ಇರುವುದು ಆ ಮಾರಾಟದ ಭಾರವನ್ನು ಯಾರು ಹೊರಬೇಕು ಎಂಬುದರಲ್ಲಿ.

ನೋಟೀಸು ಬಂದಾಗ ಕುಟುಂಬದ ಮುಂದೆ ಇರುವ ದಾರಿಗಳು ಕಡಿಮೆ. ಮನೆ ಸಾಗಿಸಲು ಸಾಮಾನ್ಯವಾಗಿ 5,000ದಿಂದ 15,000 ಡಾಲರ್‌ವರೆಗೆ ತಗಲುತ್ತದೆ. ಎರಡು ಭಾಗಗಳ ಜೋಡಿ ಮನೆಯಾದರೆ ಅದನ್ನು ನಡುವೆ ಬಿಡಿಸಿ ಎರಡು ಲಾರಿಗಳಲ್ಲಿ ಒಯ್ಯಬೇಕು. ಖರ್ಚು ಇನ್ನೂ ಹೆಚ್ಚು. 1976ರ ಜೂನ್ 15ರಂದು ಇಡೀ ದೇಶಕ್ಕೆ ಅನ್ವಯಿಸುವ ನಿರ್ಮಾಣ ನಿಯಮ ಜಾರಿಗೆ ಬಂದಿತು. ಅದಕ್ಕಿಂತ ಹಳೆಯ ಮನೆಗಳನ್ನು ಅನೇಕ ಪಾರ್ಕುಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೆಲವು ಮನೆಗಳ ಚೌಕಟ್ಟು ತುಕ್ಕು ಹಿಡಿದು ಪ್ರಯಾಣವನ್ನೇ ತಾಳಲಾರದು. ಇನ್ನು ಮನೆ ಗಟ್ಟಿಯಾಗಿದ್ದರೂ ಅದನ್ನು ನಿಲ್ಲಿಸಲು ಹತ್ತಿರದಲ್ಲಿ ಖಾಲಿ ಜಾಗ ಬೇಕಲ್ಲ? ಹೀಗಾಗಿ ಎಷ್ಟೋ ಕುಟುಂಬಗಳು ಸಾಲ ತೀರಿಸುತ್ತಿರುವ ಮನೆಯನ್ನೇ ಬಿಟ್ಟು ಬರಿಗೈಯಲ್ಲಿ ಹೊರಡಬೇಕಾಗುತ್ತದೆ.

ನೆರವಿನ ನಾಲ್ಕು ಬಗೆಗಳು

ಸರ್ಕಾರವೇ ಸಾರ್ವಜನಿಕ ಕಾಮಗಾರಿಗಾಗಿ ಕೇಂದ್ರದ ಹಣದಿಂದ ಜಾಗ ತೆಗೆದುಕೊಂಡರೆ 1970ರ ಕೇಂದ್ರ ಸ್ಥಳಾಂತರ ನೆರವು ಕಾನೂನು ನಿವಾಸಿಗಳ ಕೈ ಹಿಡಿಯುತ್ತದೆ. ಆದರೆ ಖಾಸಗಿ ಮಾಲೀಕರು ಖಾಸಗಿಯವರಿಗೇ ಮಾರಿದಾಗ ಅದು ಅನ್ವಯಿಸುವುದಿಲ್ಲ. ಆಗ ಆಯಾ ರಾಜ್ಯದ ಕಾನೂನೇ ಗತಿ. ಕೆಲವು ರಾಜ್ಯಗಳಲ್ಲಿ ಅಂಥ ಕಾನೂನೇ ಇಲ್ಲ. ಇರುವ ಕಡೆ ನಾಲ್ಕು ಬಗೆಗಳನ್ನು ಕಾಣಬಹುದು.

ಮೊದಲನೆಯದು, ಮಾಲೀಕರೇ ಕೊಡುವ ಬಗೆ. ಒರೆಗಾನ್ ರಾಜ್ಯ 2007ರಲ್ಲಿ ಮಾಡಿದ ಕಾನೂನಿನಂತೆ ಪಾರ್ಕು ಮುಚ್ಚುವವರು 365 ದಿನ ಮೊದಲೇ ನೋಟೀಸು ಕೊಡಬೇಕು. ಒಂಟಿ ಮನೆಗೆ 5,000, ಜೋಡಿ ಮನೆಗೆ 7,000, ಅದಕ್ಕಿಂತ ದೊಡ್ಡದಕ್ಕೆ 9,000 ಡಾಲರ್ ಕೊಡಬೇಕೆಂದು ಆಗ ನಿಗದಿಯಾಯಿತು. ಮುಂದೆ ಈ ಮೊತ್ತಗಳನ್ನು ಹೆಚ್ಚಿಸಲಾಯಿತು.

ಎರಡನೆಯದು, ಸಾಮಾನ್ಯ ನಿಧಿಯ ಬಗೆ. ವಾಷಿಂಗ್ಟನ್ ರಾಜ್ಯದಲ್ಲೂ ಮೊದಲು ಮಾಲೀಕರ ಮೇಲೆಯೇ ಹೊಣೆ ಹೊರಿಸಲಾಗಿತ್ತು. 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗಿಮಾಂಟ್ ಪ್ರಕರಣದಲ್ಲಿ, ಬಡವರ ವಸತಿಯ ಭಾರವನ್ನು ಪಾರ್ಕು ಮುಚ್ಚುವ ಮಾಲೀಕರ ಮೇಲೆ ಮಾತ್ರ ಹಾಕುವುದು ಸರಿಯಲ್ಲ ಎಂದು ಆ ಕಾನೂನನ್ನು ತಳ್ಳಿಹಾಕಿತು. ಬಳಿಕ ಮನೆಗಳ ಖರೀದಿ ದಾಖಲೆಯ ವರ್ಗಾವಣೆಯ ಸಮಯದಲ್ಲಿ 100 ಡಾಲರ್ ಶುಲ್ಕ ಸಂಗ್ರಹಿಸಿ ನಿಧಿಗೆ ಸೇರಿಸುವ ಕ್ರಮ ಬಂದಿತು. ಎಂದರೆ ಬಡವರೇ ಬಡವರಿಗಾಗಿ ಕೂಡಿಟ್ಟ ಹಣ. ಕಡಿಮೆ ಆದಾಯದ ಕುಟುಂಬಗಳಿಗೆ ಇದರಿಂದ ಒಂಟಿ ಮನೆಗೆ 7,500, ಜೋಡಿ ಮನೆಗೆ 12,000 ಡಾಲರ್‌ವರೆಗೆ ಸಿಗುತ್ತಿತ್ತು. ಈಚಿನ ವರ್ಷಗಳಲ್ಲಿ ಇದನ್ನು 11,000 ಮತ್ತು 17,000ಕ್ಕೆ ಏರಿಸಲಾಗಿದೆ. 2023ರಲ್ಲಿ ನೋಟೀಸಿನ ಅವಧಿಯನ್ನೂ ಸಾಮಾನ್ಯವಾಗಿ 2 ವರ್ಷಕ್ಕೆ ವಿಸ್ತರಿಸಲಾಯಿತು.

ಮೂರನೆಯದು, ಮಿಶ್ರ ಬಗೆ. ಫ್ಲೋರಿಡಾದಲ್ಲಿ 2001ರಲ್ಲಿ ಸ್ಥಳಾಂತರಕ್ಕೆಂದೇ ಒಂದು ನಿಗಮ ಸ್ಥಾಪನೆಯಾಯಿತು. ಇದರ ನಿಧಿಗೆ ಪಾರ್ಕು ಮುಚ್ಚುವ ಮಾಲೀಕರೂ ಹಣ ಕೊಡಬೇಕು, ನಿವಾಸಿಗಳಿಂದಲೂ ಸಣ್ಣ ಶುಲ್ಕ ಸೇರುತ್ತದೆ. ನಿವಾಸಿ ತನಗೆ ಬಂದ ನೋಟೀಸಿನ ಪ್ರತಿ ಮತ್ತು ಮನೆ ಸಾಗಿಸುವ ಗುತ್ತಿಗೆದಾರನ ಕರಾರುಪತ್ರ ಇಟ್ಟು ಅರ್ಜಿ ಹಾಕಬೇಕು. ಬಹುಕಾಲ ಇಲ್ಲಿನ ನೆರವು 3,000 ಮತ್ತು 6,000 ಡಾಲರ್ ಮಾತ್ರವಾಗಿತ್ತು. 2024ರಲ್ಲಿ ಒಂಟಿ ಮನೆಗೆ 6,500, ಜೋಡಿ ಮನೆಗೆ 11,500 ಎಂದಾಯಿತು. ಮನೆ ಸಾಗಿಸಲಾಗದವರು ಅದರ ಹಕ್ಕುಪತ್ರವನ್ನು ಮಾಲೀಕರಿಗೆ ಬಿಟ್ಟುಕೊಟ್ಟು ಕಡಿಮೆ ಮೊತ್ತ ಪಡೆಯಬಹುದು. 2024ಕ್ಕೆ ಮೊದಲು ಹೀಗೆ ಬಿಟ್ಟುಕೊಟ್ಟ ಒಂಟಿ ಮನೆಗೆ ಸಿಗುತ್ತಿದ್ದುದು 1,375 ಡಾಲರ್! ಬಾಳಿ ಬದುಕಿದ ಮನೆಗೆ ಅಷ್ಟೇ ಬೆಲೆಯೇ?

ನಾಲ್ಕನೆಯದು, ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕು ಮುಚ್ಚುವವರು ನಿವಾಸಿಗಳ ಮೇಲಾಗುವ ಪರಿಣಾಮದ ವರದಿ ಸಲ್ಲಿಸಬೇಕು. 2020ರ ಕಾನೂನಿನ ಪ್ರಕಾರ, ನಿವಾಸಿಗೆ ಇನ್ನೊಂದು ಪಾರ್ಕಿನಲ್ಲಿ ತಕ್ಕ ನೆಲೆ ಸಿಗದಿದ್ದರೆ ಮನೆ ಈಗ ನಿಂತಿರುವ ಜಾಗದಲ್ಲೇ ಅದಕ್ಕಿರುವ ಮಾರುಕಟ್ಟೆ ಬೆಲೆಯನ್ನು ಕೊಡಬೇಕು. 'ನಿಂತಿರುವ ಜಾಗದಲ್ಲೇ' ಎಂಬ ಮಾತನ್ನು ಗಮನಿಸಿರಿ. ಕಿತ್ತು ಲಾರಿಗೆ ಏರಿಸಿದ ಮನೆ ಹಳೆಯ ತಗಡು. ಶಾಲೆ, ಆಸ್ಪತ್ರೆ, ಕೆಲಸದ ಸ್ಥಳ ಹತ್ತಿರವಿರುವ ಜಾಗದಲ್ಲಿ ನಿಂತಾಗ ಅದೇ ಮನೆಗೆ ಬೇರೆ ಬೆಲೆ. ಸಾಗಣೆಯ ಖರ್ಚು ಬೇರೆ, ನೆಲೆ ಕಳೆದುಕೊಂಡ ನಷ್ಟ ಬೇರೆ. ಲಾರಿಯ ಬಾಡಿಗೆಯನ್ನಷ್ಟೇ ಲೆಕ್ಕ ಹಾಕಿ ಅದನ್ನು ನೆರವು ಎಂದು ಕರೆದರೆ, ಕಳೆದುಹೋದದ್ದರಲ್ಲಿ ದೊಡ್ಡ ಪಾಲನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದೇ ಅರ್ಥ.

ಹೊರಡದೆ ಉಳಿದವರು

ಹಾಗಾದರೆ ಹಣ ಪಡೆದು ಹೊರಡುವುದೊಂದೇ ದಾರಿಯೇ? ಅಲ್ಲ. ನಮ್ಮ ಕನ್ನಡಿಗರು ಅನೇಕರು ದುಡಿಯುವ ಸಿಲಿಕಾನ್ ಕಣಿವೆಯ ಪಾಲೊ ಆಲ್ಟೊ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿ ಬ್ಯೂನಾ ವಿಸ್ಟಾ ಎಂಬ ಪಾರ್ಕಿನಲ್ಲಿ ಸುಮಾರು 400 ಮಂದಿ ವಾಸವಾಗಿದ್ದರು. ಹೆಚ್ಚಿನವರು ಲ್ಯಾಟಿನ್ ಅಮೆರಿಕದ ಮೂಲದವರು. ಅವರ ಮಕ್ಕಳು ಹೆಸರಾಂತ ಶಾಲೆಗಳಲ್ಲಿ ಓದುತ್ತಿದ್ದರು. 2012ರಲ್ಲಿ ಮಾಲೀಕರು ಪಾರ್ಕು ಮುಚ್ಚಲು ಅರ್ಜಿ ಹಾಕಿದರು. ನಿವಾಸಿಗಳು ಸಂಘಟಿತರಾದರು, ಊರವರು ಜೊತೆಗೂಡಿದರು, ನಗರಸಭೆ ಮತ್ತು ಜಿಲ್ಲಾಡಳಿತಗಳು ಹಣ ಹೊಂದಿಸಿದವು. 2017ರಲ್ಲಿ ಸಾಂಟಾ ಕ್ಲಾರಾ ಜಿಲ್ಲೆಯ ವಸತಿ ಪ್ರಾಧಿಕಾರ ಸುಮಾರು 4 ಕೋಟಿ ಡಾಲರ್‌ಗೆ ಆ ಪಾರ್ಕನ್ನು ಕೊಂಡಿತು. ಮಾಲೀಕರಿಗೆ ಬೆಲೆ ಸಿಕ್ಕಿತು, ನಿವಾಸಿಗಳಿಗೆ ನೆಲೆ ಉಳಿಯಿತು.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೆರೆಡಿತ್ ಎಂಬ ಊರಿನಲ್ಲಿ ಇದಕ್ಕೂ ಸರಳವಾದ ದಾರಿ 1984ರಲ್ಲೇ ತೆರೆದುಕೊಂಡಿತು. ಮಾರಾಟಕ್ಕೆ ಬಂದ ತಮ್ಮ ಪಾರ್ಕನ್ನು 13 ಕುಟುಂಬಗಳು ಸಹಕಾರಿ ಸಂಘ ಕಟ್ಟಿಕೊಂಡು ತಾವೇ ಕೊಂಡುಕೊಂಡವು. ಆಗಷ್ಟೇ ಆರಂಭವಾಗಿದ್ದ ಸಮುದಾಯ ಸಾಲನಿಧಿಯೊಂದು 42,000 ಡಾಲರ್ ಸಾಲ ಕೊಟ್ಟಿತು. ಪಾರ್ಕು ಮಾರುವ ಮೊದಲು ನಿವಾಸಿಗಳಿಗೆ 60 ದಿನಗಳ ಮುನ್ಸೂಚನೆ ಕೊಟ್ಟು, ಅವರು ಕೊಡುವ ಬೆಲೆಯನ್ನೂ ಪರಿಗಣಿಸಬೇಕೆಂಬ ಕಾನೂನು ಆ ರಾಜ್ಯದಲ್ಲಿದೆ. 2008ರಿಂದ 'ರಾಕ್ ಯುಎಸ್ಎ' ಎಂಬ ಸಂಸ್ಥೆ ಈ ಮಾದರಿಯನ್ನು ದೇಶದಾದ್ಯಂತ ಹರಡುತ್ತಿದೆ. ಹೀಗೆ ನಿವಾಸಿಗಳೇ ಒಡೆಯರಾದ 300ಕ್ಕೂ ಹೆಚ್ಚು ಪಾರ್ಕುಗಳು ಇಂದು ಅದರ ಜಾಲದಲ್ಲಿವೆ. ಸಮಯ ಮತ್ತು ಸಾಲ, ಇವೆರಡು ಸಿಕ್ಕರೆ ಬಡವರು ನೆರವಿಗಾಗಿ ಕೈಚಾಚಬೇಕಾಗಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ನಮಗೂ ಒಂದು ಪ್ರಶ್ನೆ

ಅರಿಜೋನಾದ ಫೀನಿಕ್ಸ್ ನಗರದಲ್ಲಿ 2023ರಲ್ಲಿ ಮುಚ್ಚಿದ ಪಾರ್ಕುಗಳಲ್ಲಿ ಪೆರಿವಿಂಕಲ್ ಎಂಬುದೂ ಒಂದು. ಅದನ್ನು 2016ರಲ್ಲಿ ಕೊಂಡಿದ್ದುದು ಗ್ರ್ಯಾಂಡ್ ಕ್ಯಾನಿಯನ್ ಎಂಬ ಕ್ರೈಸ್ತ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಕಾನೂನು ಮೀರಲಿಲ್ಲ. ನಿವಾಸಿಗಳು ತೆರವು ಮಾಡಬೇಕಾದ ಗಡುವನ್ನು ವಿಸ್ತರಿಸಿತು ಕೂಡ. ಆದರೂ ದೀರ್ಘಕಾಲ ಅಲ್ಲಿ ಬಾಳಿದ ಕುಟುಂಬಗಳು ಹೊರಡಲೇಬೇಕಾಯಿತು. ಅದೇ ವರ್ಷ ಆ ರಾಜ್ಯ ತನ್ನ ಸ್ಥಳಾಂತರ ನೆರವನ್ನು ಒಂಟಿ ಮನೆಗೆ 7,500ರಿಂದ 12,500 ಡಾಲರ್‌ಗೆ ಏರಿಸಿತು.

ಶಾಲೆ, ಕಾಲೇಜು, ಆಸ್ಪತ್ರೆಗಳ ಹೆಸರಿನಲ್ಲಿ ಜಾಗ ಹೊಂದಿರುವ ನಮ್ಮ ಸಂಸ್ಥೆಗಳೂ ಈ ಘಟನೆಯನ್ನು ದೂರದ ಸುದ್ದಿ ಎಂದು ತಳ್ಳಿಹಾಕುವಂತಿಲ್ಲ. ಒಳ್ಳೆಯ ಉದ್ದೇಶಕ್ಕೆಂದೇ ಕೊಂಡ ಜಾಗದಲ್ಲೂ ಯಾರದೋ ಒಲೆ ಉರಿಯುತ್ತಿರಬಹುದು. ಜಾಗ ಇರುವ ಕುಟುಂಬಗಳೂ, ವಿದೇಶದಲ್ಲಿ ದುಡಿದು ಆಸ್ತಿ ಕೊಳ್ಳುವ ನಮ್ಮ ಮಕ್ಕಳೂ ಯಾರನ್ನಾದರೂ ಒಕ್ಕಲೆಬ್ಬಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಅವರಿಗೆ ಸಾಕಷ್ಟು ಸಮಯ ಕೊಟ್ಟಿದ್ದೇವೆಯೇ? ಹೋಗಲು ನಿಜವಾಗಿಯೂ ಇನ್ನೊಂದು ನೆಲೆ ಇದೆಯೇ? ಕೊಡುತ್ತಿರುವ ಹಣ ಸಾಗಣೆಯ ಖರ್ಚೋ, ಅವರು ಕಳೆದುಕೊಂಡದ್ದರ ಬೆಲೆಯೋ? ಅವರೇ ಕೊಂಡುಕೊಳ್ಳುವ ಅವಕಾಶವನ್ನು ಮೊದಲು ಅವರಿಗೆ ಕೊಟ್ಟೆವೆಯೇ?

ಕಾನೂನು ಕೊಡಬೇಕೆಂದು ಹೇಳುವ ಮೊತ್ತ ಕನಿಷ್ಠ ಮಟ್ಟ ಮಾತ್ರ. ಅದಕ್ಕಿಂತ ಮೇಲಿನದ್ದು ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಕೋಣೆಗಳು, ಗೋಡೆಗಳು ಲಾರಿಯಲ್ಲಿ ಹೋಗಬಹುದು. ಕಷ್ಟಕಾಲದಲ್ಲಿ ಬಾಗಿಲು ತಟ್ಟಿದರೆ ಓಡಿಬರುವ ನೆರೆಹೊರೆಯವರು ಲಾರಿಯಲ್ಲಿ ಬರುವುದಿಲ್ಲ. ನೆರವಿನ ಲೆಕ್ಕ ಬರೆಯುವ ಪ್ರತಿಯೊಬ್ಬರೂ ಇದನ್ನು ನೆನಪಿನಲ್ಲಿಟ್ಟರೆ, ಹೊರಡಲೇಬೇಕಾದವರ ದಾರಿಯಾದರೂ ಸ್ವಲ್ಪ ಹಗುರವಾದೀತು.