ಕೊನೆಗೆ ಉಣ್ಣೋರು ಯಾರು?

ವೀಕ್ಷಕರೇ, ಇವತ್ತು ರಾಜಕಾರಣ ಬೇಡ. ಇವತ್ತು ಒಂದು ತಾಯಿ ಕಾರ್ಡ್ ಬಗ್ಗೆ ಮಾತಾಡೋಣ.

ಧಾರವಾಡ ಜಿಲ್ಲೆ, ನವಲಗುಂದ ತಾಲೂಕು, ಮೊರಬ. ಎರೆಭೂಮಿಯ ಊರು. ಮಹದಾಯಿ ಹೋರಾಟದ ದಿನಗಳಲ್ಲಿ ನಮ್ಮ ಕ್ಯಾಮೆರಾಗಳು ಈ ತಾಲೂಕಿಗೆ ಎಷ್ಟು ಸಲ ಹೋದವೋ ಲೆಕ್ಕವಿಲ್ಲ. ನೀರಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡಿದ್ದೇವೆ, ಮಾಡಲೇಬೇಕಿತ್ತು. ಆದರೆ ಇದೇ ಊರುಗಳ ಹೆಣ್ಣುಮಕ್ಕಳ ಮೈಯಲ್ಲಿ ರಕ್ತ ಎಷ್ಟಿದೆ ಅಂತ ನಾವು ಒಂದು ದಿನವಾದರೂ ಕೇಳಿದ್ದೇವಾ? ನಾನಂತೂ ಕೇಳಿರಲಿಲ್ಲ.

ಮೊರಬದ ಒಂದು ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂರಿಸಿದರು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಬಡಿಸುತ್ತಿದ್ದವಳು ಆ ಮನೆಯ ಸೊಸೆ, ಏಳು ತಿಂಗಳ ಬಸುರಿ. ‘ತಂಗಿ, ನಿಂದು ಊಟ ಆತೇನವ್ವಾ?’ ಅಂದೆ. ‘ಎಲ್ಲಾರದೂ ಆಗ್ಲಿರೀ, ನಾ ಆಮ್ಯಾಲ ಉಣ್ತೀನಿ’ ಅಂದಳು. ನಾವೆಲ್ಲ ಎದ್ದ ಮೇಲೆ ಅವಳ ಪಾಲಿಗೆ ಉಳಿದದ್ದು ಒಂದೂವರೆ ರೊಟ್ಟಿ, ಹಿಂಡಿ. ಪಲ್ಯದ ಪಾತ್ರೆ ಖಾಲಿ. ಎರಡನೇ ಸಲ ಪಲ್ಯ ಹಾಕಿಸಿಕೊಂಡವನು ನಾನೇ! ಆಮೇಲೆ ಅವಳ ತಾಯಿ ಕಾರ್ಡ್ ತೋರಿಸಿದರು. ಹಿಮೋಗ್ಲೋಬಿನ್ 8.4. ‘ರಕ್ತ ಕಮ್ಮಿ ಐತಂತ್ರೀ’ ಅಂದರು ಅತ್ತೆ, ನೆಗಡಿ ಆಗೇತಿ ಅಂದಷ್ಟೇ ಸಲೀಸಾಗಿ.

ಏನಿದು 8.4? ಬಸುರಿಗೆ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. 10ಕ್ಕಿಂತ ಕೆಳಗಿಳಿದರೆ ಮಧ್ಯಮ ರಕ್ತಹೀನತೆ. 7ಕ್ಕಿಂತ ಕೆಳಗಾದರೆ ತೀವ್ರ, ಆಸ್ಪತ್ರೆಯಲ್ಲೇ ಚಿಕಿತ್ಸೆ ಬೇಕು. ಹೆರಿಗೆ ಹೊತ್ತಿಗೆ ಎಲ್ಲರಿಗೂ ರಕ್ತ ಹೋಗುತ್ತೆ. ಮೈಯಲ್ಲಿ ರಕ್ತ ಇದ್ದವಳು ತಡೆದುಕೊಳ್ಳುತ್ತಾಳೆ. ಇಲ್ಲದವಳಿಗೆ ಅಷ್ಟೇ ರಕ್ತಸ್ರಾವ ಪ್ರಾಣಕ್ಕೆ ಕುತ್ತು. ಮಗು ತೂಕ ಕಮ್ಮಿ ಹುಟ್ಟುವುದು, ದಿನ ತುಂಬುವ ಮೊದಲೇ ಹುಟ್ಟುವುದು ಇದರ ಬೆನ್ನಿಗೇ ಬರುತ್ತೆ.

ಇದು ಒಂದು ಮನೆಯ ಕತೆಯಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 44.8 ಇತ್ತು. ಅಂದರೆ ಇಳಿಯಬೇಕಾದದ್ದು ಏರಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಗಂಡಸರಲ್ಲಿ ಎಷ್ಟು ಗೊತ್ತಾ? ಶೇ. 19.6! ಅದೇ ಮನೆ, ಅದೇ ಒಲೆ, ಅದೇ ರೊಟ್ಟಿ. ಮುಟ್ಟು, ಬಸಿರು, ಬಾಣಂತನ ಹೆಣ್ಣಿನ ಮೈಯಿಂದ ಹೆಚ್ಚು ಕಬ್ಬಿಣಾಂಶ ಕೇಳುತ್ತವೆ, ಒಪ್ಪೋಣ. ಆದರೆ ಹೆಚ್ಚು ಬೇಕಾದವಳಿಗೆ ತಟ್ಟೆಯಲ್ಲಿ ಕಮ್ಮಿ ಬೀಳೋದು ಯಾವ ನ್ಯಾಯ ಸ್ವಾಮಿ?

ವಿಚಿತ್ರ ನೋಡಿ. ನವಲಗುಂದದ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬೆಳೀತಾರೆ, ಹಿಂಗಾರಿಗೆ ಕಡಲೆ ಬೆಳೀತಾರೆ. ಎರಡರಲ್ಲೂ ಕಬ್ಬಿಣಾಂಶ ಇದೆ. ಆ ಕಾಳು ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತೆ. ಹೋಗಲಿ, ರೈತನಿಗೆ ದುಡ್ಡು ಬೇಕು. ಮನೆಗೆ ಅಂತ ಎರಡು ಚೀಲ ಉಳಿದರೂ ಅದರ ಪಲ್ಯ ಕೊನೆಗೆ ಉಣ್ಣುವವಳ ತಟ್ಟೆಗೆ ತಲುಪಬೇಕಲ್ಲ?

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಮೊದಲು ಬಸುರಿ-ಬಾಣಂತಿಯರ ಆಹಾರವನ್ನು ಮನೆಗೇ ಕೊಡುತ್ತಿದ್ದರು. ಮನೆಗೆ ಹೋದದ್ದು ಮನೆಮಂದಿಗೆಲ್ಲ ಹಂಚಿ ಹೋಗುತ್ತಿತ್ತು. ಅದಕ್ಕೇ 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ತಂದರು. ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು. ಅನ್ನ, ಸಾರು, ಸೊಪ್ಪು, ಮೊಟ್ಟೆ, ಹಾಲು, ಚಿಕ್ಕಿ. ಒಳ್ಳೆಯ ಯೋಚನೆ. ಆದರೆ ಕಳೆ ತೆಗೆಯೋ ದಿನಗಳಲ್ಲಿ ಕೂಲಿಗೆ ಹೋದವಳು ಮಧ್ಯಾಹ್ನ ಹೊಲದಿಂದ ಊರಿಗೆ ನಡೆದು ಬಂದು, ಉಂಡು, ಮತ್ತೆ ಹೋಗೋಕಾಗುತ್ತಾ? ಕೂಲಿ ಯಾರು ಕೊಡ್ತಾರೆ? ಊಟ ಅಂಗನವಾಡಿಯಲ್ಲಿ, ಉಣ್ಣಬೇಕಾದವಳು ಹೊಲದಲ್ಲಿ. ಆ ದಿನಗಳಲ್ಲಾದರೂ ಊಟದ ಹೊತ್ತು ಬದಲಿಸಿ, ಇಲ್ಲವೇ ಬುತ್ತಿ ಕಟ್ಟಿ ಕೊಡಿ. ಬೆಂಗಳೂರಲ್ಲಿ ಕೂತ ಅಧಿಕಾರಿಗಳೇ, ಇಷ್ಟನ್ನು ಯೋಚನೆ ಮಾಡೋಕೆ ಸಮಿತಿ ಬೇಕಾ?

ಇನ್ನು ಗುಳಿಗೆ. ಬಸುರಿಗೆ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಗುಳಿಗೆ ಪುಕ್ಕಟೆ ಕೊಡ್ತಾರೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ತಂದುಕೊಡ್ತಾಳೆ. ಮೊರಬದ ಆ ಮನೆಯಲ್ಲಿ ಗುಳಿಗೆ ಮಾಡದ ಮೇಲಿತ್ತು. ಯಾಕವ್ವಾ ಅಂದರೆ, ‘ಹೊಟ್ಟಿ ತೊಳಸ್ತೈತ್ರೀ, ಕೂಸು ದಪ್ಪ ಆದ್ರ ಹೆರಿಗಿ ತ್ರಾಸಂತ’. ಈ ಹೆದರಿಕೆಗೆ ಉತ್ತರ ಇದೆ. ಗುಳಿಗೆಯಿಂದ ಕೂಸು ಹೆರಿಗೆ ಕಷ್ಟವಾಗುವಷ್ಟು ದಪ್ಪ ಆಗೋದಿಲ್ಲ. ಮಲ ಕಪ್ಪಾಗುತ್ತೆ, ಅದು ರೋಗವಲ್ಲ. ಹೊಟ್ಟೆ ತೊಳಸಿದರೆ ಊಟ ಆದಮೇಲೆ, ರಾತ್ರಿ ಮಲಗೋ ಮುಂಚೆ ತಗೊಳ್ಳಿ. ಚಹಾದ ಜೊತೆ ಮಾತ್ರ ಬೇಡ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡೋದಿಲ್ಲ. ಲಿಂಬೆರಸ ಅದನ್ನು ಹತ್ತಿಸುತ್ತೆ. ಹೆಸರುಕಾಳಿನ ಪಲ್ಯದ ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿ, ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡಿ. ಇದಕ್ಕೆ ದುಡ್ಡು ಬೇಕಿಲ್ಲ.

ಮದುವೆಯ ವಯಸ್ಸಿನ ವಿಷಯ ಬಿಡೋಕಾಗಲ್ಲ. ಅದೇ ಸಮೀಕ್ಷೆ ಪ್ರಕಾರ, ರಾಜ್ಯದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ತನ್ನ ಮೈಯೇ ಇನ್ನೂ ಬೆಳೆಯುತ್ತಿರುವ ಹುಡುಗಿ ಇನ್ನೊಂದು ಜೀವಕ್ಕೆ ರಕ್ತ ಎಲ್ಲಿಂದ ತರಬೇಕು?

ಸರ್ಕಾರವನ್ನು ನಾನು ದಿನಾ ಬೈತೀನಿ, ನಾಳೆನೂ ಬೈತೀನಿ. ಆದರೆ ಮನೆಯಲ್ಲಿ ಯಾರು ಮೊದಲು ಉಣ್ಣಬೇಕು ಅಂತ ಯಾವ ಸರ್ಕಾರವೂ ಆದೇಶ ಹೊರಡಿಸೋಕಾಗಲ್ಲ. ನಮ್ಮ ಮನೆಯಲ್ಲೂ ಅವ್ವ ಕೊನೆಗೇ ಉಣ್ಣುತ್ತಿದ್ದಳು. ಅದನ್ನು ನಾವು ತ್ಯಾಗ ಅಂತ ಹಾಡಿ ಹೊಗಳಿದೆವು. ತಟ್ಟೆಯಲ್ಲಿ ಏನು ಉಳಿದಿದೆ ಅಂತ ಬಗ್ಗಿ ನೋಡಲಿಲ್ಲ.

ಇವತ್ತು ರಾತ್ರಿ ಟಿವಿ ಆಫ್ ಮಾಡಿ ಊಟಕ್ಕೆ ಕೂತಾಗ, ಬಡಿಸುವವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ. ಪಲ್ಯದ ಪಾತ್ರೆ ಮೊದಲು ಆ ಕಡೆ ಹೋಗಲಿ.