ಅಸರ್ ಅಂದುಕೊಂಡು ಕಳೆದ ಎಂಟು ತಿಂಗಳು

ನನ್ನ ಖಾಲಾನ ಮಗ ಆಳಂದ ತಾಲ್ಲೂಕಿನವನು, ನನಗಿಂತ ಎರಡು ವರ್ಷ ದೊಡ್ಡವನು. ಹೋದ ವರ್ಷ ರಮ್ಜಾನ್ ಮುಗಿದ ಮೇಲೆ ರಾತ್ರಿ ಮಲಗುವುದನ್ನೇ ಬಿಟ್ಟ. ಓಣಿಯವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದ. ಊಟದಲ್ಲಿ ಏನೋ ಹಾಕಿದ್ದಾರೆ ಎಂದು ತಟ್ಟೆ ತಳ್ಳಿದ. ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡುತ್ತಿದ್ದ. ಮನೆಯಲ್ಲಿ ಎಲ್ಲರೂ "ಅಸರ್ ಆಗಿದೆ" ಎಂದರು. ನಾನೂ ನಂಬಿದ್ದೆ.

ತಾವೀಜ್ ಕಟ್ಟಿಸಿದರು, ದರ್ಗಾಗಳಿಗೆ ಕರೆದೊಯ್ದರು. ಪಕ್ಕದ ಮನೆಯವರು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿ ಬನ್ನಿ ಎಂದರು. ಗಾಳಿ ಬಿಡಿಸಲು ಅಲ್ಲಿಗೆ ಬಹಳ ದೂರದಿಂದ ಜನ ಬರುತ್ತಾರೆ. ಜಾತಿ ಧರ್ಮ ಬೇರೆಯಾದರೂ ಈ ಒಂದು ವಿಷಯದಲ್ಲಿ ನಾವೆಲ್ಲ ಒಂದೇ!

ಎಂಟು ತಿಂಗಳ ಮೇಲೆ ಊರಿನ ಆಶಾ ಕಾರ್ಯಕರ್ತೆ ಖಾಲಾಗೆ ಹೇಳಿದರು: "ಅಕ್ಕಾ, ಮಂಗಳವಾರ ತಾಲೂಕು ದವಾಖಾನಿಗಿ ಬರ್ರಿ, ಮನಸ್ಸಿನ ಡಾಕ್ಟರ್ ಬರ್ತಾರ." ಇದು ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ. ಇದರ ಬೇರು ನಮ್ಮ ಭಾಗದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನೋಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಖಾಲಾಗೆ ಕನ್ನಡ ಅಷ್ಟಾಗಿ ಬರದು, ಅದಕ್ಕೆ ನಾನು ಜೊತೆಗೆ ಹೋದೆ. ಡಾಕ್ಟರ್ "ಸಂಶಯ ಪಡ್ತಾನಾ?" ಎಂದು ಕೇಳಿದಾಗ ಖಾಲಾ ಇಲ್ಲ ಎಂದರು. ನಾನು "ವಹಮ್" ಎಂದ ಕೂಡಲೇ ಅತ್ತು ಎಲ್ಲ ಹೇಳಿದರು. ಒಂದು ಶಬ್ದ ತಿಳಿಯದಿದ್ದರೆ ರೋಗವೇ ತಪ್ಪಿಹೋಗುತ್ತಿತ್ತು.

ಇದಕ್ಕೆ ಸೈಕೋಸಿಸ್ ಎನ್ನುತ್ತಾರೆ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಏರುಪೇರಾಗುವುದು ಇದಕ್ಕೆ ಒಂದು ಕಾರಣ. ಕೇಳಿಸುವ ದನಿ ರೋಗಿಗೆ ನಿಜವಾಗಿಯೇ ಕೇಳಿಸುತ್ತದೆ, ಆದ್ದರಿಂದ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಹೆಚ್ಚಾಗಿ ಹದಿನಾರರಿಂದ ಮೂವತ್ತರೊಳಗೆ, ಅಂದರೆ ನಮ್ಮ ವಯಸ್ಸಿನಲ್ಲೇ ಶುರುವಾಗುತ್ತದೆ. ಗಾಂಜಾ ಸೇದುವವರಿಗೆ ಅಪಾಯ ಹೆಚ್ಚು. ಚಿಕಿತ್ಸೆ ತಡವಾದಷ್ಟು ಗುಣವಾಗುವುದು ಕಷ್ಟ.

ನಾನು ಕಾಮರ್ಸ್‌ನವಳು, ಲೆಕ್ಕ ಬರೆದೆ. ಎಂಟು ತಿಂಗಳ ಜೀಪ್ ಬಾಡಿಗೆ, ನಜರಾನೆ, ಖಾಲೂ ಬಿಟ್ಟ ಕೂಲಿ ಸೇರಿ 31,000 ರೂಪಾಯಿ. ಖಾಲಾನ ಕಿವಿಯೋಲೆ ಹೋಯಿತು. ಈಗ ಮಾತ್ರೆ ದವಾಖಾನೆಯಲ್ಲಿ ಪುಕ್ಕಟೆ. ಶಕ್ತಿ ಯೋಜನೆಯಿಂದ ಖಾಲಾಗೆ ಬಸ್ ಚಾರ್ಜ್ ಇಲ್ಲ, ಅವನದು ಮಾತ್ರ.

ನಡುವೆ ಒಮ್ಮೆ ಬಹಳ ನಿದ್ದೆ ಬರುತ್ತದೆ ಎಂದು ಮಾತ್ರೆ ಬಿಟ್ಟ. ಮೂರು ವಾರದಲ್ಲಿ ದನಿಗಳು ತಿರುಗಿ ಬಂದವು. ಡಾಕ್ಟರ್ ಬೇರೆ ಮಾತ್ರೆ ಕೊಟ್ಟರು.

ಅವನನ್ನು ಕಟ್ಟಿ ಹಾಕಿ ಎಂದವರೂ ಇದ್ದರು. 2001ರಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಹತ್ತಿರದ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಜೇವರ್ಗಿ, ಅಫಜಲಪುರದ ಗೆಳತಿಯರೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಡಾಕ್ಟರ್ ಬರುವ ದಿನ ಮೊದಲೇ ಕೇಳಿಕೊಳ್ಳಿ. ಹೋಗಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ತಾವೀಜ್ ಅವನ ಕೊರಳಲ್ಲಿ ಇನ್ನೂ ಇದೆ, ಡಾಕ್ಟರ್ ಬಿಚ್ಚಿ ಎನ್ನಲಿಲ್ಲ. ಈಗ ಮಾಮುವಿನ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂರುತ್ತಾನೆ. ಮುಂದಿನ ಮಂಗಳವಾರವೂ ನಾನು ಜೊತೆಗೆ ಹೋಗಬೇಕು, ಅವತ್ತು ಅಕೌಂಟೆನ್ಸಿ ಟೆಸ್ಟ್ ಇದೆ. ಮೇಡಂ ಒಪ್ಪಿದ್ದಾರೆ.